ಕೆಂಪು ಹೊಟ್ಟೆ, ಕಪ್ಪು ಬೆನ್ನು

ತಮ್ಮಾ,

ನೀನಿರುವ ಕಡೆಗೆ ಟಪಾಲು ಹೋಗುವುದಿಲ್ಲ, ಗೊತ್ತು. ಆದರೂ ಬರೆಯುತ್ತೇನೆ.

ನೀನು ತೀರಿಕೊಂಡ ಮೇಲೆ ಇವತ್ತೇ ಮೊದಲ ಸಲ ಪ್ಲಾಸ್ಟಿಕ್ ಕರಗಿಸಿದೆ. ಆಮಿಷವಾಗಿ ಗಾಳಕ್ಕೆ ಸಿಕ್ಕಿಸುವ ಮೆದು ಪ್ಲಾಸ್ಟಿಕ್ ಮೀನು, ಅದೂ ನಮ್ಮ ಎರಡು ಬಣ್ಣದ್ದೇ ಮಾಡಬೇಕೆಂದು ನಿನ್ನ ಮಗಳು ಹಟ ಹಿಡಿದಳು. ಹೊಟ್ಟೆಯ ಕೆಂಪು ಅವಳು ಸುರಿಯುವುದು, ಅದು ಆರುವ ಮೊದಲೇ ಬೆನ್ನಿನ ಕಪ್ಪು ನಾನು ಸುರಿಯುವುದು. ತಡವಾದರೆ ಒಂದಕ್ಕೊಂದು ಅಂಟುವುದಿಲ್ಲವಲ್ಲ.

ಹೊಗೆಯಾಡುವ ಕೆಂಪಿನ ಪಾತ್ರೆಯನ್ನು ಅವಳು ಅಚ್ಚಿನ ಮೇಲೆ ಬಗ್ಗಿಸಲು ಹೊರಟಿದ್ದಳು. ಆಗ ಬಾಲದ ಗುಳಿಯಲ್ಲಿ ಒಂದು ಹನಿ ನೀರು ಕಂಡಿತು. ಅವಳ ಮಣಿಕಟ್ಟು ಹಿಡಿದು ಎಳೆದೆ.

"ಅಯ್ಯೋ ದೊಡ್ಡಪ್ಪ, ಕೈ ಕಿತ್ತಿಡ್ತೀರಾ?"

"ನೀರಿದೆ ಕಣೇ! ಸಿಡಿದಿದ್ರೆ ಕಣ್ಣೇ ಹೋಗ್ತಿತ್ತು, ನಿಮ್ಮಪ್ಪನ ಹಾಗೆ."

ಅವಳು ಪಾತ್ರೆಯನ್ನು ಒಲೆಯ ಮೇಲೆ ವಾಪಸ್ ಇಟ್ಟಳು. "'ಅವತ್ತು ಅಚ್ಚು ಒರೆಸೋಕೆ ನಾನೇ ಮರೆತೆ' ಅಂತಿದ್ರು ಅಪ್ಪ. 'ನಿಮ್ಮ ದೊಡ್ಡಪ್ಪ ಆಗಿದ್ರೆ ಮರೀತಿರ್ಲಿಲ್ಲ' ಅಂತಾನೂ ಹೇಳ್ತಿದ್ರು," ಎಂದಳು.

ಅಚ್ಚು ತೊಳೆದು ಒರೆಸದೆ ಇಟ್ಟವನು ನಾನೆಂದು ನಿನಗೆ ಗೊತ್ತಿತ್ತು. ಹನ್ನೊಂದು ವರ್ಷ ಒಂದೇ ಕಣ್ಣಿನಲ್ಲಿ ನನ್ನ ಮುಖ ನೋಡುತ್ತಿದ್ದ ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅಚ್ಚನ್ನು ಮೂರು ಸಲ ಒರೆಸಿದೆ. ಅವಳು ಕೆಂಪು ಸುರಿದಳು. ಅವಳಿಗಾದರೂ ಹೇಳಿಬಿಡೋಣವೆಂದು ಬಾಯಿ ತೆರೆದೆ.

"ದೊಡ್ಡಪ್ಪಾ, ಕೆಂಪು ಆರ್ತಾ ಇದೆ! ಬೇಗ ಸುರೀರಿ!"

ಸುರಿದೆ. ಮೀನು ಚೆನ್ನಾಗಿ ಬಂದಿದೆ, ತಮ್ಮಾ.