ಕುಂಬಳಕಾಯಿ ಟೋಪಿ

ಒಹಾಯೊ, ಅಕ್ಟೋಬರ್ ೩೧

ಅಮ್ಮಾ,

ಇವತ್ತು ಅಪ್ಪನಿಗೆ ಎಪ್ಪತ್ತು ತುಂಬಿತು. ನೀನು ತೀರಿಕೊಂಡ ಮೇಲೆ ಬಂದ ಮೊದಲ ಹ್ಯಾಲೋವೀನ್. ನೀನು ಮಾಡುತ್ತಿದ್ದ ಹಾಗೆಯೇ, ಮಿಠಾಯಿ ಕೇಳಲು ಬಂದ ದೆವ್ವ, ಮಾಟಗಾತಿ ವೇಷದ ಮಕ್ಕಳನ್ನೆಲ್ಲ ಬಾಗಿಲಲ್ಲೇ ತಡೆದು ಅಪ್ಪನಿಗೆ ಹುಟ್ಟುಹಬ್ಬದ ಹಾಡು ಹಾಡಿಸಿದೆ.

ಹೋದ ವರ್ಷ ನನ್ನ ಟೆಸ್ಸಾ ಹುಟ್ಟಿದಾಗ ನೀನು ಹೆಣೆದುಕೊಟ್ಟ ಕುಂಬಳಕಾಯಿ ಟೋಪಿಯನ್ನು ಹೊರಗೆ ತೆಗೆದೆ. ಅವಳ ತಲೆಗೆ ಈಗ ಹಿಡಿಸುವುದಿಲ್ಲ. ಅಪ್ಪ ಅದನ್ನು ಮೆಟ್ಟಿಲ ಮೇಲಿದ್ದ ಕುಂಬಳಕಾಯಿಗೇ ತೊಡಿಸಿಬಿಟ್ಟ.

"ಇದು ಯಾರ ಪಾಪು, ತಾತಾ?" ಎಂದಳು ಎದುರುಮನೆಯ ಪುಟ್ಟ ಮಾಟಗಾತಿ.

"ನಮ್ದೇ ಕಣೇ. ಮೆಲ್ಲಗೆ ಹಾಡು, ಎದ್ಬಿಡುತ್ತೆ!"

ಎಲ್ಲರೂ ಹೋದ ಮೇಲೆ ಟೋಪಿಯನ್ನು ಒಳಗೆ ತಂದು ಕೆನ್ನೆಗೆ ಒತ್ತಿಕೊಂಡೆ. "ಉಣ್ಣೆ ಚುಚ್ಚುತ್ತೆ, ಮಗೂಗೆ ಗಂಧೆ ಏಳುತ್ತೆ" ಎಂದು ಅವತ್ತು ನಿನ್ನ ಎದುರಿಗೇ ಪೆಟ್ಟಿಗೆಗೆ ಹಾಕಿದ್ದೆನಲ್ಲ?

ಚುಚ್ಚುವುದಿಲ್ಲ ಅಮ್ಮಾ. ಒಂಚೂರೂ ಚುಚ್ಚುವುದಿಲ್ಲ.