ಚಾಕೊಲೇಟಿನೊಳಗಿದ್ದ ಬಾಳೆಹಣ್ಣು

ಸುಧಾಳ ಅಪ್ಪನಿಗೆ,

ಬದುಕಿದ್ದಾಗಲೇ ನಿಮ್ಮ ಹೆಸರು ಹಿಡಿದು ಕರೆದವಳಲ್ಲ, ಈಗ್ಯಾಕೆ ಹೊಸ ಚಾಳಿ? ಮೊದಲು ಸಂತೋಷದ ಸುದ್ದಿ. ನಮ್ಮ ಸುಧಾಗೆ ಏಳು ತಿಂಗಳು. ಹೌದು ರೀ, ಎರಡು ಸಲ ಕೈತಪ್ಪಿ ಹೋದ ಮೇಲೆ ಈ ಸಲ ನಿಂತಿದೆ. ಲಕ್ಷ್ಮೀಪುರಂ ಮನೆಗೇ ಕರೆದುಕೊಂಡು ಬಂದಿದ್ದೇನೆ. ಅಳಿಯಂದಿರು ಹೂಟಗಳ್ಳಿಯ ಫ್ಯಾಕ್ಟರಿಯಿಂದ ಶಿಫ್ಟ್ ಮುಗಿಸಿ ಬಂದು ನೋಡಿಕೊಂಡು ಹೋಗುತ್ತಾರೆ.

ಕಾಶಿಯಲ್ಲಿ ಇಬ್ಬರೂ ಗಂಗೆಗಿಳಿದು ನಿಂತದ್ದು ನೆನಪಿದೆಯಾ? ಇಷ್ಟವಾದ ಒಂದು ಹಣ್ಣನ್ನೋ ತರಕಾರಿಯನ್ನೋ ಸಾಯುವ ತನಕ ಬಿಡಬೇಕು ಎಂದು ಪುರೋಹಿತರು ಹೇಳಿದಾಗ ನಾನು ಬಾಳೆಹಣ್ಣು ಬಿಟ್ಟೆ. ರಸಬಾಳೆ ಅಂದರೆ ಪ್ರಾಣ ಬಿಡುತ್ತಿದ್ದ ನಾನು! ಸುಧಾಳ ಮಡಿಲು ತುಂಬಲಿ ಅಂತ ಬೇಡಿಕೊಂಡು ಬಿಟ್ಟೆ. ನೀವೋ? 'ನಾನು ಹಾಗಲಕಾಯಿ ಬಿಟ್ಬುಟ್ಟೆ ಕಣೇ' ಅಂದಿರಿ. ಹುಟ್ಟಿದಾಗಿನಿಂದ ಹಾಗಲಕಾಯಿ ಬಾಯಿಗಿಡದ ಮಹಾನುಭಾವರು! 'ಗಂಗಮ್ಮನ ಹತ್ರ ತಮಾಷೆ ಬೇಡ ಕಣ್ರೀ' ಅಂತ ಬೈದರೆ ನಕ್ಕಿರಿ. ವರ್ಷ ತುಂಬುವುದರೊಳಗೆ ನೀವೇ... ಆ ತಮಾಷೆಗೇ ಹೀಗಾಯಿತೇ? ಯಾರ ಹತ್ತಿರ ಕೇಳಲಿ?

ನಿನ್ನೆ ಮಧ್ಯಾಹ್ನ ನಿಮ್ಮ ಮಗಳಿಗೆ ಚಾಕೊಲೇಟಿನಲ್ಲಿ ಅದ್ದಿದ ಹಣ್ಣು ತಿನ್ನುವ ಬಯಕೆ ಹತ್ತಿತು. ಫೋನಿನಲ್ಲಿ ನೋಡಿದ್ದಂತೆ. ಸೇಬು, ಬಾಳೆಹಣ್ಣು ಹೆಚ್ಚಿ, ಬಟ್ಟೆಯಲ್ಲಿ ಒತ್ತಿ ಒರೆಸಿ ಕಡ್ಡಿ ಚುಚ್ಚಿಟ್ಟಳು. ಬಿಸಿನೀರಿನ ಪಾತ್ರೆಯ ಮೇಲೆ ಬಟ್ಟಲಿಟ್ಟು ಚಾಕೊಲೇಟ್ ಕರಗಿಸುವ ಕೆಲಸ ನನ್ನದು. ಗಟ್ಟಿಯಾಗಿದೆಯಲ್ಲ ಅಂತ ಬೆಲ್ಲದ ಪಾಕಕ್ಕೆ ಹಾಕುವ ಹಾಗೆ ಒಂದು ಚಮಚ ನೀರು ಹಾಕಹೊರಟೆ. 'ಅಯ್ಯೋ ಅಮ್ಮ! ಒಂದು ತೊಟ್ಟು ನೀರು ಬಿದ್ರೂ ಎಲ್ಲಾ ಉಂಡೆ ಕಟ್ಬುಡುತ್ತೆ' ಎಂದು ಕೂಗಿದಳು. ಅದ್ದಿದ ತುಂಡುಗಳನ್ನೆಲ್ಲ ಒಂದೇ ತಟ್ಟೆಯಲ್ಲಿ ಜೋಡಿಸಿ, 'ಬಲಗಡೆ ಸೇಬು, ಅದು ನಿಂಗೆ. ಎಡಗಡೆ ಬಾಳೆಹಣ್ಣು, ಮುಟ್ಬೇಡ' ಅಂತ ಎರಡೆರಡು ಸಲ ಹೇಳಿದಳು. ಫ್ರಿಜ್ಜಿನಲ್ಲಿ ಹಾಲಿನ ಪಾತ್ರೆ ಅಡ್ಡ ಬಂತು ಅಂತ ತಟ್ಟೆಯನ್ನು ತಿರುಗಿಸಿಟ್ಟವಳು ನಾನೇ.

ಸಂಜೆ ಬಲಗಡೆಯದನ್ನು ಬಾಯಿಗೆ ಹಾಕಿಕೊಂಡೆ. ಕಚ್ಚಿದ ಕೂಡಲೇ ಗೊತ್ತಾಯಿತು. ಉಗುಳಿದೆ, ಬಾಯಿ ಮುಕ್ಕಳಿಸಿದೆ, ಕಾಶಿಯಿಂದ ತಂದ ಗಂಗೆಯ ಗಿಂಡಿಯ ಮುಂದೆ ಕೆನ್ನೆ ಕೆನ್ನೆ ಬಡಿದುಕೊಂಡೆ. ಆದರೆ ಚೂರು ಗಂಟಲಿನಿಂದ ಇಳಿದುಹೋಗಿತ್ತಲ್ಲ! ಬಸುರಿ ಹುಡುಗಿಗೆ ಹೇಗೆ ಹೇಳಲಿ? ರುಚಿ ಬೇರೆ ನಾಲಗೆಯಿಂದ ಹೋಗಲೊಲ್ಲದು, ಹಾಳಾದ್ದು.

ಈ ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು ಸುಧಾ ಹೊಟ್ಟೆ ಸವರಿಕೊಂಡಳು. 'ಅಮ್ಮ, ಎದ್ದಾಗಿಂದ ಮಗು ಒದ್ದೇ ಇಲ್ಲ ಕಣಮ್ಮ.' ರೀ, ನನಗೆ ಆಗ ಕಂಡದ್ದು ಕಾಶಿಯಲ್ಲಿ ನಗುತ್ತಿದ್ದ ನಿಮ್ಮ ಮುಖ. ಡಾಕ್ಟರಮ್ಮನಿಗೆ ಫೋನ್ ಮಾಡಿದರೆ, 'ಏನಾದ್ರೂ ಸಿಹಿ ಕೊಟ್ಟು ಎಡಮಗ್ಗುಲಿಗೆ ಮಲಗ್ಸಿ, ಆಟೋ ಕರೆಸಿಟ್ಕೊಳ್ಳಿ. ಆಗ್ಲೂ ಒದೀಲಿಲ್ಲ ಅಂದ್ರೆ ತಕ್ಷಣ ಬಂದ್ಬುಡಿ' ಅಂದರು. ಸುಧಾ ಫ್ರಿಜ್ಜಿನ ಕಡೆ ಕೈ ತೋರಿಸಿದಳು. 'ಅದನ್ನೇ ಕೊಡಮ್ಮ. ಬಾಳೆಹಣ್ಣಿಂದು.'

ಸಕ್ಕರೆ ಡಬ್ಬಿ ಪಕ್ಕದಲ್ಲೇ ಇತ್ತು. ಆದರೂ ಮಗಳು ಬಾಯಿಬಿಟ್ಟು ಕೇಳಿದ್ದನ್ನು ಇಲ್ಲ ಅನ್ನಲಾದೀತೇ? ನಾನೇ ತಿನ್ನಿಸಿ ಎಡಮಗ್ಗುಲಿಗೆ ಮಲಗಿಸಿದೆ. ಅವಳ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು ಕೂತೆ. ಹೊರಗೆ ಆಟೋದವನು ಹಾರ್ನ್ ಹೊಡೆಯುತ್ತಿದ್ದ. ಏನಿಲ್ಲ. ಏನೂ ಇಲ್ಲ. ದೇವರೇ, ಆ ಹೊತ್ತು ಯಾವ ವೈರಿಗೂ ಬೇಡ.

ಆಮೇಲೆ ಒದ್ದಿತು ಕಣ್ರೀ! ನನ್ನ ಅಂಗೈಗೇ ಒದ್ದಿತು! 'ಬಾಳೆಹಣ್ಣು ಅಂದ್ರೆ ಇದಕ್ಕೂ ನಿನ್ನ ಹಾಗೇ ಆಸೆ ನೋಡಮ್ಮ' ಅಂತ ಸುಧಾ ಅಳುತ್ತಲೇ ನಕ್ಕಳು. ಅದೇ ಆಟೋದಲ್ಲಿ ಹೋಗಿ ತೋರಿಸಿಕೊಂಡೂ ಬಂದೆವು. ಎದೆಬಡಿತ ಚೆನ್ನಾಗಿದೆಯಂತೆ.

ಆದರೂ ನನ್ನ ಭಯ ಹೋಗಿಲ್ಲ. ಇನ್ನೂ ಎರಡು ತಿಂಗಳಿದೆಯಲ್ಲ. ನೀವು ಹೇಗೂ ಆ ಕಡೆಯೇ ಇದ್ದೀರಿ. ತಟ್ಟೆ ತಿರುಗಿಸಿದವಳು ನಾನು, ಏನಿದ್ದರೂ ನನಗಿರಲಿ, ಆ ಹೊಟ್ಟೆಯನ್ನು ಮುಟ್ಟಬೇಡ ಅಂತ ಗಂಗಮ್ಮನಿಗೆ ಒಂದು ಮಾತು ಹೇಳಿ. ಮಗು ಕೈಗೆ ಬಂದ ಮೇಲೆ ಎತ್ತಿಕೊಂಡು ಕಾಶಿಗೆ ಬರುತ್ತೇನೆ. ನಿಮ್ಮ ಲೆಕ್ಕದಲ್ಲಿ ಈ ಸಲ ಮಾವಿನಹಣ್ಣು ಬಿಡುತ್ತೇನೆ, ನಿಮಗೆ ನಿಜವಾಗಿಯೂ ಇಷ್ಟವಿದ್ದದ್ದು.

ಹೇಳುವಾಗ ಮಾತ್ರ ದಯವಿಟ್ಟು ನಗಬೇಡಿ.

ನಿಮ್ಮ,
ಸುಧಾಳ ಅಮ್ಮ