ಲವಂಗ ಹಾಕಿದ ಅಂಟು

ವರ್ಮಾಂಟ್, 3 ಸೆಪ್ಟೆಂಬರ್ 1878, ಮಂಗಳವಾರ

ಹರಿದ ಪಂಚಾಂಗ ಅಂಟಿಸಬೇಕೆಂದು ನನ್ನ ಗಂಡ ಅಸಹೇಲ್ ಬೆಳಿಗ್ಗೆ ಹಿಟ್ಟಿನ ಅಂಟು ಕೇಳಿದರು. ಕಾಯಿಸಿಕೊಟ್ಟೆ. ಬೂಸ್ಟು ಹಿಡಿಯದಿರಲೆಂದು ಲವಂಗ ಹಾಕಿದ್ದೆ. ಊರಲ್ಲಿ ಹಾಗೆ ಮಾಡುವವಳು ನಾನೊಬ್ಬಳೇ, ಅಮ್ಮ ಕಲಿಸಿದ್ದು.

ಗವರ್ನರ್ ಚುನಾವಣೆಗೆ ನಿಂತಿರುವ ನನ್ನ ತಮ್ಮ ಲೆಮ್ಯುಯೆಲ್ ಸಂಜೆ ಬಂದ. ನಮ್ಮೂರಿನ ಮತ ಎಣಿಸುವಾಗ, ಅವನ ಪಕ್ಷದವರೇ ಅಚ್ಚು ಹಾಕಿಸಿ ಹಂಚಿದ ಚೀಟಿಯೊಂದರಲ್ಲಿ ಅವನ ಹೆಸರಿನ ಮೇಲೆ ಎದುರಾಳಿಯ ಹೆಸರು ಅಂಟಿಸಿತ್ತಂತೆ.

"ಸೋಲು ಗೆಲುವು ಹಾಗಿರ್ಲಿ ಅಕ್ಕಾ. ಆ ಚೀಟೀಲಿ ಲವಂಗದ ವಾಸ್ನೆ ಬರ್ತಿತ್ತು. ನಿಂಗೂ ಗೊತ್ತಿತ್ತಾ?"

ಇಲ್ಲ ಎಂದೆ. ನಂಬಲಿಲ್ಲ. ಟೋಪಿ ತೆಗೆದುಕೊಂಡು ಹೊರಟುಹೋದ. ಅಸಹೇಲ್ ತಲೆಯೆತ್ತದೆ ಊಟ ಮುಗಿಸಿದರು.

ಪಂಚಾಂಗ ಹರಿದೇ ಇತ್ತು. ಉಳಿದ ಅಂಟಿನಿಂದ ಈಗ ನಾನೇ ಅಂಟಿಸಿಟ್ಟೆ. ನೋಡು, ಅಂಟು ಕಾಯಿಸಿದ್ದು ಇದಕ್ಕೇ ಎಂದು ತಮ್ಮನಿಗೆ ತೋರಿಸಬಹುದು. ಅವನು ಮತ್ತೆ ಬಂದರೆ.